ಮನೆಯ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್: ಮೊದಲು ಐಪಿ ನೋಡಿ, ಆಮೇಲೆ ರೂಲ್ ಹಾಕಿ

ಮನೆಯ ಕಂಪ್ಯೂಟರ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ಓಡುತ್ತಿದೆ. ಮನೆಯೊಳಗೆ ಮಕ್ಕಳು ಆರಾಮಾಗಿ ಆಡುತ್ತಾರೆ. ಶಿವಮೊಗ್ಗದಲ್ಲಿರುವ ಚಿಕ್ಕಪ್ಪನ ಮಗ ಸೇರಲು ನೋಡಿದರೆ ಮಾತ್ರ ಕನೆಕ್ಟ್ ಆಗುವುದಿಲ್ಲ. ಇಂಥ ಕಡೆ ಬೇಕಾಗುವುದು ಪೋರ್ಟ್ ಫಾರ್ವರ್ಡಿಂಗ್.

ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ರೂಲ್ (ಹೊರಗಿನ ಕರೆಯನ್ನು ಯಾವ ಕಂಪ್ಯೂಟರ್‌ಗೆ ಕಳಿಸಬೇಕು ಎಂಬ ಸೂಚನೆ) ಹಾಕುವುದು ಐದು ನಿಮಿಷದ ಕೆಲಸ. ಜನ ವಾರಗಟ್ಟಲೆ ಒದ್ದಾಡುವುದು ಬೇರೆ ಕಡೆ. ರೂಲ್ ಸರಿಯಾಗಿಯೇ ಇರುತ್ತದೆ, ಆದರೆ ಇಂಟರ್ನೆಟ್ ಕಂಪನಿ ಅವರಿಗೆ ಹೊರಗಿನಿಂದ ಮುಟ್ಟಬಹುದಾದ ಇಂಟರ್ನೆಟ್ ವಿಳಾಸವನ್ನೇ (ಪಬ್ಲಿಕ್ ಐಪಿ) ಕೊಟ್ಟಿರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ರೂಟರ್ ಮುಟ್ಟುವ ಮೊದಲು ಒಂದು ಪರೀಕ್ಷೆ ಇದೆ. ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಒಳಗೆ ನಡೆಯುವುದೇನು?

ನಿಮ್ಮ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಕ್ಕೂ ರೂಟರ್ ಒಂದೊಂದು ಒಳಗಿನ ವಿಳಾಸ ಕೊಡುತ್ತದೆ. ಸಾಮಾನ್ಯವಾಗಿ ಅದು 192.168ರಿಂದ ಶುರುವಾಗುತ್ತದೆ. ಹೊರಗಿನ ಜಗತ್ತಿಗೆ ಮಾತ್ರ ಕಾಣುವುದು ಒಂದೇ ವಿಳಾಸ. ಹಳೇ ಬೆಂಗಳೂರಿನ ವಠಾರ ಇದ್ದ ಹಾಗೆ: ಬೀದಿಗೆ ಒಂದೇ ಡೋರ್ ನಂಬರ್, ಒಳಗೆ ಎಂಟು ಮನೆ. ಒಳಗಿನವರು ಹೊರಗೆ ಹೋಗಿ ಬರುವುದಕ್ಕೆ ಏನೂ ತೊಂದರೆ ಇಲ್ಲ. ಹೊರಗಿನಿಂದ ಯಾರಾದರೂ ಬಂದರೆ, ಯಾವ ಮನೆಗೆ ಎಂದು ಗೇಟಿನಲ್ಲಿ ಹೇಳುವವರು ಬೇಕು.

ಆ ಗುರುತು ಹೇಳುವುದೇ ಪೋರ್ಟ್ ನಂಬರ್. 1ರಿಂದ 65535ರವರೆಗೆ ಪೋರ್ಟ್‌ಗಳಿವೆ. ವೆಬ್‌ಸೈಟ್‌ಗಳು 80 ಮತ್ತು 443ರಲ್ಲಿ, ಕಂಪ್ಯೂಟರಿನ ಮೈನ್‌ಕ್ರಾಫ್ಟ್ ಜಾವಾ ಎಡಿಷನ್ 25565ರಲ್ಲಿ ಕೆಲಸ ಮಾಡುತ್ತವೆ. '25565ಕ್ಕೆ ಯಾರಾದರೂ ಬಂದರೆ ಈ ಕಂಪ್ಯೂಟರ್‌ಗೆ ಕಳಿಸು' ಎಂದು ರೂಟರ್‌ಗೆ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಹೇಳಿಡದಿದ್ದರೆ ರೂಟರ್ ಆ ಕರೆಯನ್ನು ಸುಮ್ನೆ ಬಿಸಾಕುತ್ತದೆ.

1. ನಿಮಗೆ ಪಬ್ಲಿಕ್ ಐಪಿ ಇದೆಯಾ?

ನಾಲ್ಕು ಸಂಖ್ಯೆಗಳಿರುವ ಐಪಿ ವಿಳಾಸಗಳು (ಐಪಿವಿ4) ಒಟ್ಟು ಸುಮಾರು 430 ಕೋಟಿ. ಜಗತ್ತಿನ ಮಟ್ಟದ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಆಮೇಲೆ ದೊಡ್ಡದಾಗಿ ಬೆಳೆದ ಇಂಟರ್ನೆಟ್ ಕಂಪನಿಗಳಿಗೆ ಮನೆಗೊಂದು ಐಪಿ ಕೊಡುವಷ್ಟು ವಿಳಾಸಗಳೇ ಇರಲಿಲ್ಲ. ಅದಕ್ಕೆ ಅವರು ಒಂದೇ ಪಬ್ಲಿಕ್ ಐಪಿಯ ಹಿಂದೆ ಬಹಳಷ್ಟು ಮನೆಗಳನ್ನು ಕೂರಿಸಿದರು. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ನಮ್ಮ ಊರುಗಳ ಫೈಬರ್ ಕನೆಕ್ಷನ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಸಿಜಿನ್ಯಾಟ್ ಇದ್ದರೆ ಹೊರಗಿನ ಕರೆ ಕಂಪನಿಯ ಉಪಕರಣದಲ್ಲೇ ನಿಂತುಬಿಡುತ್ತದೆ. ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ರೂಟರಿನಲ್ಲಿ ಮೆನು ಇರುತ್ತದೆ, ರೂಲ್ ಸೇವ್ ಆಗುತ್ತದೆ, ಎಲ್ಲಾ ಹಸಿರು ತೋರಿಸುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ರೂಟರ್ ಪುಟಕ್ಕೆ ಹೋಗಿ. ಬ್ರೌಸರ್‌ನ ವಿಳಾಸದ ಜಾಗದಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿದರೆ ಬಹುತೇಕ ರೂಟರ್‌ಗಳು ತೆರೆದುಕೊಳ್ಳುತ್ತವೆ. ಜಿಯೋ ರೂಟರ್ ಆದರೆ 192.168.29.1. ಸರಿಯಾದ ವಿಳಾಸ ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ತಳದಲ್ಲಿರುವ ಸ್ಟಿಕ್ಕರ್ ಮೇಲೆ ಇರುತ್ತವೆ. ಒಳಗೆ 'ಸ್ಟೇಟಸ್' ಅಥವಾ 'ಇಂಟರ್ನೆಟ್' ಪುಟದಲ್ಲಿ 'ವ್ಯಾನ್ ಐಪಿ' (WAN IP, ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ) ಎಂದು ಹುಡುಕಿ ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿರುವ ಕಂಪ್ಯೂಟರಿನಲ್ಲಿ ಗೂಗಲ್ ತೆರೆದು 'ವಾಟ್ ಈಸ್ ಮೈ ಐಪಿ' ಎಂದು ಹುಡುಕಿ. ವಿಪಿಎನ್ (ನಿಮ್ಮ ಇಂಟರ್ನೆಟ್ಟನ್ನು ಇನ್ನೊಂದು ಕಡೆಯ ಮೂಲಕ ಗುಟ್ಟಾಗಿ ಸಾಗಿಸುವ ವ್ಯವಸ್ಥೆ) ಇದ್ದರೆ ಮೊದಲು ಆಫ್ ಮಾಡಿ. ಅಕ್ಷರ, ಅಂಕಿ, ಕೋಲನ್ ಎಲ್ಲಾ ಸೇರಿದ ಉದ್ದನೆಯ ವಿಳಾಸ ಕಂಡರೆ ಅದು ಐಪಿವಿ6. ನಮಗೆ ಈಗ ಬೇಕಿರುವುದು ನಾಲ್ಕು ಸಂಖ್ಯೆಗಳ ಐಪಿವಿ4.

ಎರಡೂ ಒಂದೇ ಆಗಿದ್ದರೆ, ಉದಾಹರಣೆಗೆ ಎರಡು ಕಡೆಯೂ 203.0.113.25 ಎಂದಿದ್ದರೆ, ನಿಮಗೆ ಪಬ್ಲಿಕ್ ಐಪಿ ಇದೆ. ನೇರವಾಗಿ ಎರಡನೇ ಹೆಜ್ಜೆಗೆ ಹೋಗಿ.

ರೂಟರ್‌ನಲ್ಲಿ ಕಾಣುವ ಐಪಿ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಅದು ಸಿಜಿನ್ಯಾಟ್. ಈ ಸಾಲನ್ನು 2012ರಲ್ಲಿ ಈ ಕೆಲಸಕ್ಕೆಂದೇ ತೆಗೆದಿಟ್ಟರು. ಕೆಲವು ಕಂಪನಿಗಳು 10ರಿಂದ ಶುರುವಾಗುವ ವಿಳಾಸವನ್ನೂ ಕೊಡುತ್ತವೆ. ಫಲಿತಾಂಶ ಅದೇ.

192.168 ಕಂಡರೆ ಕಥೆ ಬೇರೆ. ನಿಮ್ಮ ಮನೆಯಲ್ಲಿ ಬಹುಶಃ ಎರಡು ಡಬ್ಬಿ ಇವೆ: ಕಂಪನಿಯವರು ಗೋಡೆಗೆ ಹಾಕಿಹೋದ ಫೈಬರ್ ಡಬ್ಬಿ ಒಂದು, ನೀವು ಅಂಗಡಿಯಿಂದ ತಂದ ರೂಟರ್ ಒಂದು. ಎರಡೂ ರೂಟರ್ ಕೆಲಸವನ್ನೇ ಮಾಡುತ್ತಿವೆ. ನಿಮ್ಮ ರೂಟರನ್ನು ವೈಫೈ ಮಾತ್ರ ಹರಡುವ 'ಆಕ್ಸೆಸ್ ಪಾಯಿಂಟ್' ಮೋಡ್‌ಗೆ ಬದಲಾಯಿಸಿ, ರೂಲನ್ನು ಫೈಬರ್ ಡಬ್ಬಿಯಲ್ಲೇ ಹಾಕುವುದು ಎಲ್ಲಕ್ಕಿಂತ ಸುಲಭ. ಕಂಪನಿಯವರ ಡಬ್ಬಿಗೆ ನಿಮಗೆ ಲಾಗಿನ್ ಕೊಟ್ಟಿಲ್ಲವಾದರೆ ಅದನ್ನು 'ಬ್ರಿಡ್ಜ್ ಮೋಡ್'ಗೆ (ಡಬ್ಬಿ ರೂಟರ್ ಕೆಲಸ ಬಿಟ್ಟು ಇಂಟರ್ನೆಟ್ಟನ್ನು ಹಾಗೇ ದಾಟಿಸುವಂತೆ) ಹಾಕಿಕೊಡಿ ಎಂದು ಕೇಳಿ. ಆಗ ಕಂಪನಿಯ ಇಂಟರ್ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಅನ್ನು ನಿಮ್ಮ ರೂಟರ್‌ನಲ್ಲಿ ತುಂಬಬೇಕಾಗಬಹುದು. ಅದನ್ನೂ ಅದೇ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ಇದಾದ ಮೇಲೆ ಮತ್ತೆ ಐಪಿ ಹೋಲಿಸಿ ನೋಡಿ. ಎರಡು ಡಬ್ಬಿಯ ಹಿಂದೆ ಸಿಜಿನ್ಯಾಟ್ ಕೂಡ ಅಡಗಿರಬಹುದು.

ಸಿಜಿನ್ಯಾಟ್ ಎಂದು ಗೊತ್ತಾದರೆ ಏನು ಮಾಡುವುದು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. 'ಪೋರ್ಟ್ ಫಾರ್ವರ್ಡಿಂಗ್ ಆಗ್ತಿಲ್ಲ' ಎಂದರೆ ಅವರು ರೂಟರ್ ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ. ಹಾಗೆ ಕೇಳಬೇಡಿ. 'ನನ್ನ ಕನೆಕ್ಷನ್ ಸಿಜಿನ್ಯಾಟ್‌ನಲ್ಲಿದೆ, ನನಗೆ ಪಬ್ಲಿಕ್ ಐಪಿವಿ4 ಬೇಕು, ಸ್ಟ್ಯಾಟಿಕ್ ಆದರೂ ಪರವಾಗಿಲ್ಲ, ಚಾರ್ಜ್ ಎಷ್ಟು?' ಎಂದು ಕೇಳಿ. ಆಗ ಕರೆ ಸರಿಯಾದವರ ಹತ್ತಿರ ಹೋಗುವ ಸಾಧ್ಯತೆ ಜಾಸ್ತಿ. ಸ್ಟ್ಯಾಟಿಕ್ ಐಪಿಗೆ (ಬದಲಾಗದ ಐಪಿ) ಸಾಮಾನ್ಯವಾಗಿ ಬೇರೆ ದುಡ್ಡು ಕೇಳುತ್ತಾರೆ. ಕೆಲವರು ಮನೆ ಪ್ಲಾನ್‌ಗೆ ಕೊಡುವುದೇ ಇಲ್ಲ.

ದುಡ್ಡು ಕೊಡುವ ಮೊದಲು ಟೇಲ್‌ಸ್ಕೇಲ್ ಎಂಬ ವಿಪಿಎನ್ ಸಾಫ್ಟ್‌ವೇರ್ ನೋಡಿ. ಎರಡೂ ಕಡೆ ಅದನ್ನು ಹಾಕಿಕೊಂಡರೆ, ಎರಡು ಕಂಪ್ಯೂಟರ್‌ಗಳೂ ಒಂದೇ ಮನೆಯಲ್ಲಿದ್ದಂತೆ ಮಾತಾಡುತ್ತವೆ. ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ, ರೂಟರ್ ಮುಟ್ಟಬೇಕಿಲ್ಲ, ವೈಯಕ್ತಿಕ ಬಳಕೆಗೆ ಉಚಿತ ಪ್ಲಾನ್ ಇದೆ. ಆಡುವ ಪ್ರತಿಯೊಬ್ಬರೂ ಹಾಕಿಕೊಳ್ಳಬೇಕು ಎನ್ನುವುದೊಂದೇ ಕಷ್ಟ. ನಾಲ್ಕೈದು ಮಂದಿ ಬಂಧುಗಳಿಗೆ ಮಾತ್ರ ಬೇಕಿದ್ದರೆ, ಪಬ್ಲಿಕ್ ಐಪಿ ಇದ್ದರೂ ನಾನು ಇದನ್ನೇ ಆರಿಸುತ್ತೇನೆ.

2. ಕಂಪ್ಯೂಟರ್‌ಗೆ ಖಾಯಂ ಒಳವಿಳಾಸ ಕೊಡಿ

ರೂಟರ್ ಒಳಗಿನ ವಿಳಾಸಗಳನ್ನು ಬದಲಾಯಿಸುತ್ತಾ ಇರುತ್ತದೆ. ಇವತ್ತು ನಿಮ್ಮ ಕಂಪ್ಯೂಟರ್ 192.168.0.105, ನಾಳೆ ಕರೆಂಟ್ ಹೋಗಿ ಬಂದಮೇಲೆ ಅದೇ ನಂಬರ್ ಅಣ್ಣನ ಫೋನಿಗೆ ಹೋಗಿರಬಹುದು. ಆಗ ರೂಲ್ ಅಣ್ಣನ ಫೋನಿಗೆ ಕಳಿಸುತ್ತದೆ. ಅದಕ್ಕೆ ಒಂದು ನಂಬರ್ ಕಾಯ್ದಿರಿಸಬೇಕು.

ಟಿಪಿ-ಲಿಂಕ್‌ನ ಆರ್ಚರ್ ರೂಟರ್‌ಗಳಲ್ಲಿ ಇದು ಅಡ್ವಾನ್ಸ್ಡ್, ನೆಟ್‌ವರ್ಕ್, ಡಿಎಚ್‌ಸಿಪಿ ಸರ್ವರ್ ಒಳಗೆ 'ಅಡ್ರೆಸ್ ರಿಸರ್ವೇಷನ್' ಎಂಬ ಹೆಸರಿನಲ್ಲಿದೆ. 'ಆ್ಯಡ್' ಒತ್ತಿ, ಪಟ್ಟಿಯಿಂದ ನಿಮ್ಮ ಕಂಪ್ಯೂಟರ್ ಆರಿಸಿ, 192.168.0.50 ಥರ ನೆನಪಿನಲ್ಲಿ ಉಳಿಯುವ ನಂಬರ್ ಕೊಟ್ಟು ಸೇವ್ ಮಾಡಿ. ಕಂಪ್ಯೂಟರನ್ನು ಒಮ್ಮೆ ನೆಟ್‌ವರ್ಕ್‌ನಿಂದ ಬಿಡಿಸಿ ಮತ್ತೆ ಜೋಡಿಸಿದರೆ ಹೊಸ ನಂಬರ್ ಬರುತ್ತದೆ.

ರೂಟರ್ ಕಂಪ್ಯೂಟರನ್ನು ಗುರುತಿಸುವುದು ಅದರ ಮ್ಯಾಕ್ ಅಡ್ರೆಸ್‌ನಿಂದ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆಯಿಂದ. ವಿಂಡೋಸ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್' ಆನ್ ಆಗಿದ್ದರೆ ಈ ಗುರುತೇ ಬದಲಾಗುತ್ತಿರುತ್ತದೆ. ಆಫ್ ಮಾಡಿ. ಇನ್ನೂ ಒಳ್ಳೆಯದು, ಸರ್ವರ್ ಓಡುವ ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್ ಎಳೆದುಬಿಡಿ. ವೈಫೈ ಕಾರ್ಡ್‌ಗೂ ಕೇಬಲ್‌ಗೂ ಮ್ಯಾಕ್ ಬೇರೆ ಬೇರೆ, ಹಾಗಾಗಿ ಕೇಬಲ್ ಹಾಕಿದ ಮೇಲೆಯೇ ನಂಬರ್ ಕಾಯ್ದಿರಿಸಿ.

3. ಮನೆಯೊಳಗೆ ಮೊದಲು ನಡೆಯಲಿ

ಸರ್ವರ್ ಚಾಲೂ ಮಾಡಿ. ಮನೆಯ ಇನ್ನೊಂದು ಕಂಪ್ಯೂಟರ್‌ನಿಂದ 192.168.0.50ಗೆ ಕನೆಕ್ಟ್ ಮಾಡಿ ನೋಡಿ. ಇಲ್ಲಿ ಆಗದಿದ್ದರೆ ರೂಟರ್‌ನಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ. ತೊಂದರೆ ಆ ಕಂಪ್ಯೂಟರ್‌ನಲ್ಲೇ ಇದೆ, ಅದೂ ಹೆಚ್ಚಾಗಿ ಹೊರಗಿನಿಂದ ಬರುವ ಕರೆಗಳನ್ನು ತಡೆಯುವ ವಿಂಡೋಸ್ ಫೈರ್‌ವಾಲ್‌ನಲ್ಲಿ.

ಸರ್ವರ್ ಮೊದಲ ಸಲ ಓಡಿದಾಗ ವಿಂಡೋಸ್ ಒಂದು ಕಿಟಕಿ ತೋರಿಸಿ 'ಜಾವಾಗೆ ಅನುಮತಿ ಕೊಡಲಾ' ಎಂದು ಕೇಳುತ್ತದೆ (ಸರ್ವರ್ ಓಡುವುದು ಜಾವಾ ಎಂಬ ಸಾಫ್ಟ್‌ವೇರ್ ಮೇಲೆ). ಬಹಳಷ್ಟು ಜನ ಗಡಿಬಿಡಿಯಲ್ಲಿ 'ಕ್ಯಾನ್ಸಲ್' ಒತ್ತುತ್ತಾರೆ. ಆಗ ವಿಂಡೋಸ್ ಜಾವಾ ಹೆಸರಿನಲ್ಲಿ 'ಬ್ಲಾಕ್' ರೂಲ್ ಬರೆದಿಡುತ್ತದೆ. ಆಮೇಲೆ ನೀವು 25565ಕ್ಕೆ 'ಅಲೋ' ರೂಲ್ ಹಾಕಿದರೂ ನಡೆಯುವುದಿಲ್ಲ, ಯಾಕೆಂದರೆ ವಿಂಡೋಸ್‌ನಲ್ಲಿ ಬ್ಲಾಕ್ ಯಾವಾಗಲೂ ಅಲೋವನ್ನು ಮೀರಿಸುತ್ತದೆ. ಫೈರ್‌ವಾಲ್‌ನ 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ತೆರೆದು, 'ಇನ್‌ಬೌಂಡ್ ರೂಲ್ಸ್' ಪಟ್ಟಿಯಲ್ಲಿ ಜಾವಾ ಹೆಸರಿನ ಮುಂದೆ ಕೆಂಪು ಗುರುತು ಇದೆಯಾ ನೋಡಿ. ಇದ್ದರೆ ಅಳಿಸಿ. ಆಮೇಲೆ 'ನ್ಯೂ ರೂಲ್', 'ಪೋರ್ಟ್', 'ಟಿಸಿಪಿ', 25565, 'ಅಲೋ' ಎಂದು ಸಾಗಿ, ಕೊನೆಯಲ್ಲಿ 'ಪ್ರೈವೇಟ್' ಮಾತ್ರ ಟಿಕ್ ಮಾಡಿ. ನಿಮ್ಮ ಮನೆಯ ನೆಟ್‌ವರ್ಕ್ ವಿಂಡೋಸ್‌ನಲ್ಲಿ 'ಪಬ್ಲಿಕ್' ಎಂದು ಗುರುತಾಗಿದ್ದರೆ ಅದನ್ನೂ 'ಪ್ರೈವೇಟ್' ಮಾಡಿ.

4. ರೂಲ್ ಹಾಕುವುದು

ಈಗ ರೂಟರ್‌ಗೆ ಬನ್ನಿ. ಟಿಪಿ-ಲಿಂಕ್‌ನಲ್ಲಿ ಅಡ್ವಾನ್ಸ್ಡ್ ಒಳಗಿನ 'ನ್ಯಾಟ್ ಫಾರ್ವರ್ಡಿಂಗ್'ಗೆ ಹೋಗಿ. ಹೊಸ ಮಾಡೆಲ್‌ಗಳಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಎಂದೂ ಹಳೆಯವುಗಳಲ್ಲಿ 'ವರ್ಚುವಲ್ ಸರ್ವರ್ಸ್' ಎಂದೂ ಇರುತ್ತದೆ. ಏಸುಸ್‌ನಲ್ಲಿ ಇದು 'ವ್ಯಾನ್' ಭಾಗದಲ್ಲಿದೆ. ಹುವಾವೇ ಫೈಬರ್ ಡಬ್ಬಿಗಳಲ್ಲಿ 'ಪೋರ್ಟ್ ಮ್ಯಾಪಿಂಗ್' ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ತುಂಬಬೇಕಾದ ಜಾಗಗಳು ಇವೇ:

ಸರ್ವಿಸ್ ನೇಮ್: ಮೈನ್‌ಕ್ರಾಫ್ಟ್ (ನಿಮ್ಮ ನೆನಪಿಗೆ ಮಾತ್ರ)
ಡಿವೈಸ್ ಐಪಿ: 192.168.0.50
ಎಕ್ಸ್‌ಟರ್ನಲ್ ಪೋರ್ಟ್: 25565
ಇಂಟರ್ನಲ್ ಪೋರ್ಟ್: 25565
ಪ್ರೊಟೊಕಾಲ್: ಟಿಸಿಪಿ
ಎನೇಬಲ್: ಟಿಕ್

ಪ್ರೊಟೊಕಾಲ್ ಜಾಗದಲ್ಲಿ ಎಚ್ಚರ ಇರಲಿ. ಟಿಸಿಪಿ, ಯುಡಿಪಿ ಎಂದರೆ ಡೇಟಾ ಕಳಿಸುವ ಎರಡು ಬೇರೆ ಬೇರೆ ವಿಧಾನ. ಜಾವಾ ಎಡಿಷನ್‌ಗೆ ಟಿಸಿಪಿ. ಫೋನು, ಟ್ಯಾಬ್‌ಗಳಲ್ಲಿ ಆಡುವ ಬೆಡ್‌ರಾಕ್ ಎಡಿಷನ್ ಆದರೆ ಪೋರ್ಟ್ 19132, ಪ್ರೊಟೊಕಾಲ್ ಯುಡಿಪಿ. ಇದು ತಪ್ಪಿದರೆ ಉಳಿದಿದ್ದೆಲ್ಲ ಸರಿಯಿದ್ದರೂ ಕನೆಕ್ಟ್ ಆಗುವುದಿಲ್ಲ. ಗೊತ್ತಾಗದಿದ್ದರೆ ಆ ಆಟದ ಅಥವಾ ಸಾಫ್ಟ್‌ವೇರ್‌ನ ಸಹಾಯ ಪುಟದಲ್ಲಿ ನೋಡಿ ತುಂಬಿ. ಸುಮ್ನೆ 'ಆಲ್' ಎಂದು ಹಾಕಬೇಡಿ.

ಎಕ್ಸ್‌ಟರ್ನಲ್ ಪೋರ್ಟ್ ಬೇರೆ ಇಡಬಹುದು. ಹೊರಗೆ 40125, ಒಳಗೆ 25565 ಎಂದರೆ ಚಿಕ್ಕಪ್ಪನ ಮಗ ವಿಳಾಸದ ಕೊನೆಗೆ ಕೋಲನ್ ಹಾಕಿ 40125 ಸೇರಿಸಬೇಕು. 25565ನ್ನೇ ಹುಡುಕಿಕೊಂಡು ಬರುವ ಬಾಟ್‌ಗಳ (ತಾವಾಗಿಯೇ ಓಡುವ ಪ್ರೋಗ್ರಾಂಗಳ) ಕಾಟ ಇದರಿಂದ ಕಡಿಮೆಯಾಗುತ್ತದೆ. ಆದರೆ ಇದನ್ನೇ ಭದ್ರತೆ ಎಂದುಕೊಳ್ಳಬೇಡಿ. ನಿಜವಾದ ರಕ್ಷಣೆ ಸರ್ವರ್‌ನ ಒಳಗಿದೆ: ವೈಟ್‌ಲಿಸ್ಟ್ ಆನ್ ಮಾಡಿ, ನಿಮಗೆ ಗೊತ್ತಿರುವ ಹೆಸರುಗಳನ್ನು ಮಾತ್ರ ಸೇರಿಸಿ. ಸರ್ವರ್ ಸಾಫ್ಟ್‌ವೇರ್ ಹೊಸದಾಗಿರಲಿ. 2021ರ ಡಿಸೆಂಬರ್‌ನಲ್ಲಿ ಲಾಗ್‌4ಜೆ ಎಂಬ ಜಾವಾ ಸಾಫ್ಟ್‌ವೇರ್ ಭಾಗದ ದೋಷ ಹೊರಬಿದ್ದಾಗ, ಹಳೇ ಮೈನ್‌ಕ್ರಾಫ್ಟ್ ಸರ್ವರ್‌ನ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು, ಆ ಕಂಪ್ಯೂಟರ್ ಹೊರಗಿನವರ ಕೈಗೆ ಸಿಗುತ್ತಿತ್ತು. 1.18.1 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಅದಕ್ಕಿಂತ ಹಳೆಯದನ್ನು ಪ್ಯಾಚ್ ಇಲ್ಲದೆ ಹೊರಗೆ ತೆರೆದಿಡಬಾರದು.

ಅದೇ ಮೆನುವಿನಲ್ಲಿ 'ಡಿಎಂಜೆಡ್' ಎಂಬ ಆಯ್ಕೆ ಕಾಣುತ್ತದೆ. 'ಅದನ್ನು ಆನ್ ಮಾಡಿದರೆ ಎಲ್ಲಾ ಸರಿಹೋಗುತ್ತೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡಬೇಡಿ. ಅದು ನಿಮ್ಮ ಕಂಪ್ಯೂಟರ್‌ನ ಎಲ್ಲಾ ಪೋರ್ಟ್‌ಗಳನ್ನೂ ಹೊರಗೆ ಬಿಚ್ಚಿಡುತ್ತದೆ.

5. ಹೊರಗಿನಿಂದ ಪರೀಕ್ಷೆ

ಮನೆಯ ವೈಫೈನಲ್ಲೇ ಕೂತು ನಿಮ್ಮದೇ ಪಬ್ಲಿಕ್ ಐಪಿಗೆ ಕನೆಕ್ಟ್ ಮಾಡಿ ನೋಡಿ 'ಆಗ್ತಿಲ್ಲ' ಎಂದು ಕೈಬಿಡುವವರು ಬಹಳ. ಕೆಲವು ರೂಟರ್‌ಗಳು ಒಳಗಿನಿಂದ ಹೊರಟು ತಿರುಗಿ ಒಳಗೇ ಬರುವ ಕರೆಯನ್ನು ಬಿಡುವುದಿಲ್ಲ. ಪರೀಕ್ಷೆ ಹೊರಗಿನಿಂದಲೇ ಆಗಬೇಕು. ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಅಥವಾ 'ಕ್ಯಾನ್ ಯು ಸೀ ಮಿ' ಎಂಬ ಪೋರ್ಟ್ ಪರೀಕ್ಷಿಸುವ ವೆಬ್‌ಸೈಟನ್ನು ಮನೆಯ ವೈಫೈನಲ್ಲಿ ತೆರೆದು, ಪೋರ್ಟ್ ನಂಬರ್ ಹಾಕಿ. ಸರ್ವರ್ ಆ ಹೊತ್ತಿಗೆ ಓಡುತ್ತಿರಲೇಬೇಕು. ಕೇಳುವ ಪ್ರೋಗ್ರಾಂ ಇಲ್ಲದಿದ್ದರೆ, ರೂಲ್ ಸರಿಯಿದ್ದರೂ ಪೋರ್ಟ್ ಮುಚ್ಚಿದೆ ಎಂದೇ ಬರುತ್ತದೆ. ಇಂಥ ಸೈಟ್‌ಗಳು ನೋಡುವುದು ಟಿಸಿಪಿ ಮಾತ್ರ. ಯುಡಿಪಿ ಆದರೆ ನೇರವಾಗಿ ಆಟದಿಂದಲೇ ಪ್ರಯತ್ನಿಸಿ.

'ಸಕ್ಸೆಸ್' ಬಂದರೆ ಮುಗಿಯಿತು. 'ಎರರ್' ಬಂದರೆ ಅದರ ಕೆಳಗಿನ ಸಾಲನ್ನು ಓದಿ, ಅದರಲ್ಲಿ ವಿಷಯ ಇದೆ. 'ಕನೆಕ್ಷನ್ ರಿಫ್ಯೂಸ್ಡ್' ಎಂದಿದ್ದರೆ ಒಳ್ಳೆಯ ಸುದ್ದಿ ಎಂದೇ ನಾನು ಹೇಳುತ್ತೇನೆ. ಯಾರೋ ಕರೆ ತೆಗೆದುಕೊಂಡು 'ಇಲ್ಲ' ಎಂದಿದ್ದಾರೆ. ಹೆಚ್ಚಾಗಿ ಕರೆ ನಿಮ್ಮ ಕಂಪ್ಯೂಟರ್‌ವರೆಗೆ ಬಂದಿದೆ, ಸರ್ವರ್ ಓಡುತ್ತಿಲ್ಲ ಅಥವಾ ಬೇರೆ ಪೋರ್ಟ್‌ನಲ್ಲಿದೆ. 'ಕನೆಕ್ಷನ್ ಟೈಮ್ಡ್ ಔಟ್' ಎಂದಿದ್ದರೆ ಕರೆ ದಾರಿಯಲ್ಲೆಲ್ಲೋ ಕಳೆದುಹೋಗಿದೆ. ಆಗ ಈ ಕ್ರಮದಲ್ಲಿ ನೋಡಿ: ವಿಂಡೋಸ್ ಫೈರ್‌ವಾಲ್, ರೂಲ್‌ನಲ್ಲಿರುವ ಒಳವಿಳಾಸ, ಎರಡು ಡಬ್ಬಿಯ ಸಮಸ್ಯೆ, ಕೊನೆಗೆ ಸಿಜಿನ್ಯಾಟ್. 80, 443, 25 ಪೋರ್ಟ್‌ಗಳನ್ನು ಕೆಲವು ಕಂಪನಿಗಳು ಮನೆ ಕನೆಕ್ಷನ್‌ನಲ್ಲಿ ತಾವೇ ಮುಚ್ಚಿರುತ್ತವೆ. ಅವು ಬೇಕಿದ್ದರೆ ಬೇರೆ ನಂಬರ್‌ನಲ್ಲಿ ಒಮ್ಮೆ ಪರೀಕ್ಷಿಸಿ.

6. ಐಪಿ ಬದಲಾಗುತ್ತಿದ್ದರೆ

ಸ್ಟ್ಯಾಟಿಕ್ ಐಪಿ ಇಲ್ಲದವರಿಗೆ ರೂಟರ್ ರೀಸ್ಟಾರ್ಟ್ ಆದಾಗ ಪಬ್ಲಿಕ್ ಐಪಿ ಬದಲಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ಅಲ್ಲಿನವರಿಗೆ ಹೇಳಬೇಕಿಲ್ಲ. ಇದಕ್ಕೆ ಡಿಡಿಎನ್‌ಎಸ್ ಇದೆ. ನಿಮಗೊಂದು ಹೆಸರು ಸಿಗುತ್ತದೆ, ಐಪಿ ಬದಲಾದಾಗೆಲ್ಲ ರೂಟರ್ ಆ ಹೆಸರಿಗೆ ಹೊಸ ಐಪಿ ಬರೆಸುತ್ತದೆ. ಟಿಪಿ-ಲಿಂಕ್, ಏಸುಸ್ ರೂಟರ್‌ಗಳಲ್ಲಿ ಈ ಸೌಲಭ್ಯ ಒಳಗೇ ಇದೆ. ಡಕ್‌ಡಿಎನ್‌ಎಸ್ ಎಂಬ ಡಿಡಿಎನ್‌ಎಸ್ ಸೇವೆ ಉಚಿತ. ನೋ-ಐಪಿಯಲ್ಲೂ ಉಚಿತ ಖಾತೆ ಇದೆ, ಆದರೆ 30 ದಿನಕ್ಕೊಮ್ಮೆ ಹೆಸರನ್ನು ಖಚಿತಪಡಿಸುತ್ತಿರಬೇಕು. ಸಿಜಿನ್ಯಾಟ್ ಇದ್ದವರಿಗೆ ಡಿಡಿಎನ್‌ಎಸ್‌ನಿಂದ ಪ್ರಯೋಜನ ಇಲ್ಲ.

ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಕ್ಯಾಮೆರಾಕ್ಕೆ ಇದನ್ನು ಮಾಡಬೇಡಿ

ಪೋರ್ಟ್ ಫಾರ್ವರ್ಡಿಂಗ್ ಹುಡುಕಿಕೊಂಡು ಬರುವವರಲ್ಲಿ ಬಹಳಷ್ಟು ಜನಕ್ಕೆ ಬೇಕಿರುವುದು ಆಟವಲ್ಲ, ಕ್ಯಾಮೆರಾ. ಊರಿನ ಮನೆಯದ್ದೋ ತೋಟದ್ದೋ ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬಿ) ಅನ್ನು ಬೆಂಗಳೂರಿನಿಂದಲೋ ದುಬೈನಿಂದಲೋ ನೋಡಬೇಕು. ಅಪ್ಪ ಅಮ್ಮ ಇಬ್ಬರೇ ಇರುವ ಮನೆ ಎಂದರೆ ಆ ಚಿಂತೆ ನನಗೆ ಅರ್ಥವಾಗುತ್ತದೆ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ಡಿವಿಆರ್‌ನ ಪೋರ್ಟನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆಯಬೇಡಿ.

2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ), ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಾಯಿಸದೇ ಬಿಟ್ಟ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿತು. ಅವುಗಳನ್ನೇ ಬಳಸಿ ಆ ಅಕ್ಟೋಬರ್ 21ರಂದು ವೆಬ್‌ಸೈಟ್ ಹೆಸರುಗಳಿಗೆ ಐಪಿ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆಯಿತು, ಟ್ವಿಟರ್‌ನಂಥ ದೊಡ್ಡ ಸೈಟ್‌ಗಳೇ ಗಂಟೆಗಟ್ಟಲೆ ಸಿಗಲಿಲ್ಲ. ಪಾಸ್‌ವರ್ಡ್ ಗಟ್ಟಿ ಇದ್ದರೂ ಪೂರ್ತಿ ನೆಮ್ಮದಿ ಇಲ್ಲ. 2021ರಲ್ಲಿ ಹಿಕ್‌ವಿಷನ್ ಎಂಬ ಕ್ಯಾಮೆರಾ ಕಂಪನಿಯ ಹಲವು ಮಾಡೆಲ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದಾದ ದೋಷ ಸಿಕ್ಕಿತು. ಇಂಟರ್ನೆಟ್‌ಗೆ ತೆರೆದುಕೊಂಡಿರುವ ಸಾಧನಗಳನ್ನು ಹುಡುಕಿಕೊಡುವುದಕ್ಕೇ ಶೋಡಾನ್ ಎಂಬ ಸರ್ಚ್ ಎಂಜಿನ್ ಇದೆ. ನಿಮ್ಮ ವಿಳಾಸ ಯಾರಿಗೂ ಗೊತ್ತಿಲ್ಲ ಎಂದು ನಂಬಿ ಕೂರುವ ಹಾಗಿಲ್ಲ.

ಹಾಗಾದರೆ ದಾರಿ? ಡಿವಿಆರ್‌ನ ಕಂಪನಿ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುವ ವ್ಯವಸ್ಥೆ ಇದ್ದರೆ ಅದಕ್ಕೆ ಪೋರ್ಟ್ ಬೇಕಿಲ್ಲ. ಹಿಂದೆ ಡಿವಿಆರ್ ಹಾಕಿದವರು 37777, 8000, 554ರಂಥ ಪೋರ್ಟ್‌ಗಳನ್ನು ತೆರೆದು ಹೋಗಿದ್ದರೆ, ಈಗಲೇ ರೂಟರ್‌ಗೆ ಹೋಗಿ ಆ ರೂಲ್‌ಗಳನ್ನು ಅಳಿಸಿ. ಕಂಪನಿಯ ಕ್ಲೌಡ್ ಬೇಡ ಎನ್ನುವವರು ಮನೆಯಲ್ಲಿ ವೈರ್‌ಗಾರ್ಡ್ ವಿಪಿಎನ್ ಹಾಕಿ. ಫಾರ್ವರ್ಡ್ ಮಾಡಬೇಕಾದ್ದು ಒಂದೇ ಪೋರ್ಟ್: ಯುಡಿಪಿ 51820. ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಹೊರಗಿನಿಂದ ಹುಡುಕುವವರಿಗೆ ಅಲ್ಲಿ ಏನೋ ಇದೆ ಎಂದೇ ತಿಳಿಯುವುದಿಲ್ಲ. ಕೆಲವು ಹೊಸ ರೂಟರ್‌ಗಳಲ್ಲಿ ವೈರ್‌ಗಾರ್ಡ್ ಸರ್ವರ್ ಒಳಗೇ ಇರುತ್ತದೆ. ಆಗ ರೂಲ್ ಕೂಡ ಹಾಕಬೇಕಿಲ್ಲ. ವಿಪಿಎನ್ ಸೇರಿದ ಮೇಲೆ ನಿಮ್ಮ ಫೋನ್ ಊರಿನ ಮನೆಯ ಒಳಗೇ ಇದ್ದಂತೆ. ಡಿವಿಆರ್, ಪ್ರಿಂಟರ್, ಹಾರ್ಡ್ ಡಿಸ್ಕ್ ಎಲ್ಲಾ ಅವುಗಳ ಒಳವಿಳಾಸದಲ್ಲೇ ಸಿಗುತ್ತವೆ.

ದೂರದಿಂದ ಕಂಪ್ಯೂಟರ್ ಬಳಸುವ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389ಕ್ಕೂ ಇದೇ ಮಾತು. ವಿಪಿಎನ್ ಒಳಗೆ ಬಳಸಿ, ಹೊರಗೆ ತೆರೆಯಬೇಡಿ.

ರೂಟರ್ ಪುಟ ಮುಚ್ಚುವ ಮುನ್ನ ಮೂರು ಜಾಗ ನೋಡಿಬಿಡಿ. ಅಡ್ಮಿನ್ ಪಾಸ್‌ವರ್ಡ್ ಇನ್ನೂ ಸ್ಟಿಕ್ಕರ್ ಮೇಲಿನದ್ದೇ ಇದ್ದರೆ ಬದಲಾಯಿಸಿ. 'ರಿಮೋಟ್ ಮ್ಯಾನೇಜ್‌ಮೆಂಟ್' (ಹೊರಗಿನಿಂದ ರೂಟರ್ ಪುಟ ತೆರೆಯುವ ಸೌಲಭ್ಯ) ಆಫ್ ಇರಲಿ. 'ಯುಪಿಎನ್‌ಪಿ' ಆನ್ ಇದ್ದರೆ ಮನೆಯ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ತಾನೇ ಪೋರ್ಟ್ ತೆರೆದುಕೊಳ್ಳಬಹುದು. ಗೇಮ್ ಕನ್ಸೋಲ್‌ಗೆ ಬೇಕೇಬೇಕು ಎನ್ನುವುದಿಲ್ಲವಾದರೆ ಅದನ್ನೂ ಆಫ್ ಮಾಡಿ. ಮಕ್ಕಳ ರಜೆ ಮುಗಿದು ಸರ್ವರ್ ನಿಲ್ಲಿಸಿದ ದಿನ, ಮೈನ್‌ಕ್ರಾಫ್ಟ್ ರೂಲ್‌ನ ಟಿಕ್ ತೆಗೆದು ಸೇವ್ ಮಾಡಿ. ಮುಂದಿನ ರಜೆಗೆ ಮತ್ತೆ ಟಿಕ್ ಹಾಕಿದರೆ ಸಾಕು.